ಎಡಗಾಲಿನ ಬೂಟಿನ ತಪ್ಪೊಪ್ಪಿಗೆ

ನಾನು ಒಂದು ಬೂಟು. ಎಡಗಾಲಿನದು. ಬಲಗಾಲಿನವನೂ ಇಲ್ಲೇ ಪಕ್ಕದಲ್ಲಿದ್ದಾನೆ, ಆದರೆ ಅವನಿಗೆ ಮೊದಲಿನಿಂದಲೂ ಮಾತು ಕಡಿಮೆ. ಅಲ್ಲದೆ ತಪ್ಪು ನಡೆದದ್ದು ನನ್ನಿಂದ, ಹಾಗಾಗಿ ಹೇಳಬೇಕಾದವನೂ ನಾನೇ. ಹೇಳುತ್ತಾ ಹೇಳುತ್ತಾ ನನ್ನ ಪರವಾಗಿ ನಾನೇ ವಕಾಲತ್ತು ವಹಿಸಿಕೊಂಡರೆ ದಯವಿಟ್ಟು ನಂಬಬೇಡಿ. ಏಳು ವರ್ಷ ಹೊಗಳಿಸಿಕೊಂಡು ಬೆಳೆದವನು, ಹಳೆಯ ಚಾಳಿ ಅಷ್ಟು ಸುಲಭವಾಗಿ ಹೋಗುವುದಿಲ್ಲ.

ನಾನು ಹುಟ್ಟಿದ್ದು ತಗಡಿನ ಮಾಡಿನ ಒಂದು ದೊಡ್ಡ ಕಾರ್ಖಾನೆಯಲ್ಲಿ. ಮೈಗೆ ಬೂದು ಬಣ್ಣದ ದಪ್ಪ ಬಟ್ಟೆ, ಮೂತಿಗೆ ರಬ್ಬರಿನ ಕಾಪು, ಎಂಟು ಜೊತೆ ತೂತು, ಕೆಂಪು ಲೇಸು. ತಳ ಮಾತ್ರ ಎರಡು ಪದರ. ನೆಲಕ್ಕೆ ತಾಗುವುದು ಗಟ್ಟಿ ರಬ್ಬರು. ಅದರ ಮೇಲೆ, ಹಿಮ್ಮಡಿಗೆ ಮೆತ್ತಗಿರಲಿ ಎಂದು ಸ್ಪಂಜಿನಂಥ ಇನ್ನೊಂದು ಪದರ. ಈ ಮೆತ್ತನೆಯ ಪದರಕ್ಕೆ ಒಂದು ಗುಣವಿದೆ. ನಡೆಯುತ್ತಿದ್ದರೆ ವರ್ಷಗಟ್ಟಲೆ ಬಾಳುತ್ತದೆ. ಡಬ್ಬಿಯಲ್ಲಿ ಮುಚ್ಚಿಟ್ಟರೆ ಒಳಗೊಳಗೇ ಹಾಳಾಗಿ ಪುಡಿಯಾಗುತ್ತದೆ, ಮೇಲೆ ನೋಡಿದರೆ ಏನೂ ಗೊತ್ತಾಗುವುದಿಲ್ಲ. ತಳ ಒತ್ತುವ ಮಿಷನ್ನಿನ ಹೆಂಗಸು ಹೊಸದಾಗಿ ಕೆಲಸಕ್ಕೆ ಸೇರಿದವಳಿಗೆ ಇದನ್ನು ಹೇಳಿಕೊಡುತ್ತಿದ್ದಳು. ನಾನು ಅವಳ ಕೈಯಲ್ಲೇ ಇದ್ದೆ, ಕೇಳಿಸಿಕೊಂಡೆ. ಗೊತ್ತಿರಲಿಲ್ಲ ಎಂದು ಹೇಳುವ ಹಕ್ಕು ನನಗಿಲ್ಲ.

ನನ್ನನ್ನು ಕೊಂಡವರು ತುಮಕೂರಿನ ಪದ್ಮರಾಜು ಮೇಷ್ಟ್ರು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಹೇಳಿಕೊಡುತ್ತಿದ್ದರು. ಬೇಸಿಗೆ ರಜೆಯಲ್ಲಿ ನಾಲ್ಕು ಜನ ಮೇಷ್ಟ್ರುಗಳ ಜೊತೆ ಹಿಮಾಲಯಕ್ಕೆ ಹೋಗಬೇಕೆಂದು ಅವರ ಆಸೆ. ಟಿಕೆಟ್ಟು, ಸ್ವೆಟರು, ಕೈಗವಸು ಎಲ್ಲ ತಯಾರಾಯಿತು, ನಾನೂ ಬಂದೆ. ಅಷ್ಟರಲ್ಲಿ ಎಲೆಕ್ಷನ್ ಡ್ಯೂಟಿ ಬಂತು. ಅವರು ಮಂಚದ ಮೇಲೆ ಕೂತು ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಲೇಸನ್ನು ಬಿಚ್ಚಿ ಮತ್ತೆ ಪೋಣಿಸಿದರು. ಆಮೇಲೆ ಕಾಗದದಲ್ಲಿ ಸುತ್ತಿ, ಡಬ್ಬಿಗೆ ಹಾಕಿ, ಬೀರುವಿನ ಮೇಲಿಟ್ಟರು. ಮುಂದಿನ ವರ್ಷ ಹೋದರಾಯಿತು ಎಂದುಕೊಂಡರು.

ಮುಂದಿನ ವರ್ಷವೂ ಹೋಗಲಿಲ್ಲ, ಅದರ ಮುಂದಿನ ವರ್ಷವೂ ಇಲ್ಲ. ಹಾಗೆಂದು ಬೇರೆ ಕಡೆಗೆ ಹಾಕಿಕೊಳ್ಳಲೂ ಅವರಿಗೆ ಮನಸ್ಸಾಗಲಿಲ್ಲ. ಆ ಮನೆಯ ರೀತಿಯೇ ಹಾಗೆ. ಟಿವಿಯ ರಿಮೋಟು ಪ್ಲಾಸ್ಟಿಕ್ ಕವರಿನೊಳಗೇ ಇರುತ್ತಿತ್ತು. ಸೋಫಾದ ಬಟ್ಟೆಯ ನಿಜವಾದ ಬಣ್ಣ ನೆಂಟರು ಯಾರೂ ಕಂಡಿರಲಿಲ್ಲ. ಒಳ್ಳೆಯ ವಸ್ತು ಅಂದರೆ ಬಳಸದೆ ಇಟ್ಟ ವಸ್ತು. ಪ್ರತಿವರ್ಷ ದೀಪಾವಳಿ ಮುಗಿದ ಭಾನುವಾರ ಮೇಷ್ಟ್ರು ನಮ್ಮನ್ನು ಇಳಿಸಿ, ಒಣಬಟ್ಟೆಯಲ್ಲಿ ಒರೆಸಿ, ಮೂಸಿ ನೋಡಿ, "ಅಂಗಡಿಯಿಂದ ತಂದ ಹಾಗೇ ಇದೆ ನೋಡು" ಎಂದು ಹೆಂಡತಿಗೆ ತೋರಿಸುತ್ತಿದ್ದರು. ನಾನು ಉಬ್ಬಿಹೋಗುತ್ತಿದ್ದೆ. ನಾಲ್ಕನೇ ವರ್ಷವೋ ಐದನೆಯದೋ, ಬಲಗಾಲಿನವನು ಡಬ್ಬಿಯೊಳಗೆ ಮೆಲ್ಲಗೆ, "ನಿನ್ನ ಹಿಮ್ಮಡಿಯಿಂದ ಏನೋ ಉದುರ್ತಿದೆ" ಅಂದ. "ನಿನಗೆಲ್ಲೋ ಭ್ರಮೆ" ಅಂದೆ. ಭ್ರಮೆಯಲ್ಲ ಎಂದು ನನಗೆ ಗೊತ್ತಿತ್ತು.

ಎಂಟನೇ ವರ್ಷದ ಚಳಿಗಾಲ ಹಿಡಿದಾಗ ಮೇಷ್ಟ್ರ ತಂಗಿ ಇಂದುಮತಿ ಬಂದರು. ಅವರದು ಪಕ್ಕದ ಬೀದಿಯಲ್ಲೇ ಮನೆ. ಕೋರ್ಟಿನಲ್ಲಿ ಟೈಪಿಸ್ಟು. ಮೂವತ್ತು ವರ್ಷದಿಂದ ಸಾಕ್ಷಿಗಳು ಕಟಕಟೆಯಲ್ಲಿ ನಿಂತು ಹೇಳುವುದನ್ನು ಟೈಪು ಮಾಡುತ್ತಾ ಬಂದವರು. ವಯಸ್ಸು ಐವತ್ತೈದರ ಹತ್ತಿರ. ಅವರ ಪಾದ ದೊಡ್ಡದು. ಚಿಕ್ಕಂದಿನಿಂದ ಅಣ್ಣನ ಚಪ್ಪಲಿಯೇ ಅವರಿಗೆ ಸರಿಹೋಗುತ್ತಿತ್ತಂತೆ, ಅದನ್ನೇ ಹೇಳಿ ಮನೆಮಂದಿಯೆಲ್ಲ ಆಡಿಕೊಳ್ಳುತ್ತಿದ್ದರಂತೆ.

"ಅಣ್ಣಾ, ನಮ್ಮ ಪಾರ್ಕಿನ ವಾಕಿಂಗ್ ಗುಂಪಿನವರು ಒರಳುಕಲ್ಲು ಬೆಟ್ಟಕ್ಕೆ ಹೋಗ್ತಿದೀವಿ. ಗೈಡ್ ಕರ್ಕೊಂಡು ಹೋಗ್ತಾಳೆ. ಶೂ ಒಳ್ಳೇದು ಇರಲೇಬೇಕಂತೆ" ಅಂದರು.

"ಕೊಂಡ್ಕೊಳ್ಳೋದು ಯಾಕೇ? ನನ್ನದೇ ಇದೆಯಲ್ಲ. ಏಳು ವರ್ಷ ಆಯ್ತು, ಒಂದು ದಿನ ಕಾಲಿಗೆ ಹಾಕಿಲ್ಲ. ಹೊಸಾ ಶೂ ಅದು. ಜೋಪಾನವಾಗಿ ವಾಪಸ್ ತಂದುಕೊಡು."

ಇಂದುಮತಿ ಕಾಲು ತೂರಿಸಿ ನೋಡಿದರು. ಏಳು ವರ್ಷದಲ್ಲಿ ನನ್ನೊಳಗೆ ಬಂದ ಮೊದಲನೆಯ ಪಾದ ಅದು. ಬೆಚ್ಚಗಿತ್ತು. ಅವರು ಕೋಣೆಯಲ್ಲಿ ನಾಲ್ಕು ಹೆಜ್ಜೆ ಹಾಕಿ, ನಕ್ಕು, "ಅಣ್ಣಾ, ನಾನು ಇದುವರೆಗೆ ಹತ್ತಿದ್ದೆಲ್ಲ ಕೋರ್ಟಿನ ಮೆಟ್ಟಿಲೇ" ಅಂದರು. ನನಗೂ ಆಗ ಬೆಟ್ಟದ ಆಸೆ ಹುಟ್ಟಿತು. ಆಸೆಯನ್ನು ತಪ್ಪು ಅನ್ನಲಾರೆ. ಆ ಆಸೆಗೋಸ್ಕರ ಏನೇನು ಮುಚ್ಚಿಟ್ಟೆ ಅನ್ನುವುದು ತಪ್ಪು.

ಒರಳುಕಲ್ಲು ಬೆಟ್ಟ ಕೊರಟಗೆರೆ ಕಡೆಗಿದೆ. ಬುಡದಲ್ಲಿ ಕಲ್ಲಹಟ್ಟಿ ಎಂಬ ಪುಟ್ಟ ಊರು. ಅಲ್ಲಿಯ ಹೆಂಗಸರ ಸಂಘಕ್ಕೆ ಜನರನ್ನು ಬೆಟ್ಟ ಹತ್ತಿಸಲು ಅರಣ್ಯದವರು ಚಳಿಗಾಲದ ಮೂರು ತಿಂಗಳು ಮಾತ್ರ ಅನುಮತಿ ಕೊಟ್ಟಿದ್ದರು. ಆಮೇಲೆ ಹುಲ್ಲು ಒಣಗಿ ಬೆಂಕಿಯ ಭಯ. ಗೈಡಾಗಿ ಚೀಟಿ ಸಿಕ್ಕಿದ್ದು ಒಬ್ಬಳಿಗೇ, ಅವಳ ಹೆಸರು ಕೆಂಚಮ್ಮ. ಮೂವತ್ತೈದರ ಆಸುಪಾಸು. ಕೊರಳಿಗೆ ಫೋಟೋ ಇರುವ ಆ ಗುರುತಿನ ಚೀಟಿ, ಕಾಲಿಗೆ ಹಳೆಯ ಟೈರಿನಿಂದ ಹೊಲಿದ ಮೆಟ್ಟು. ಆ ಮೆಟ್ಟನ್ನು ಮೊದಲ ಸಲ ನೋಡಿದಾಗ ನಾನು ಮನಸ್ಸಿನಲ್ಲೇ ನಕ್ಕಿದ್ದೆ. ಅದನ್ನೂ ಹೇಳಿಬಿಡುತ್ತೇನೆ.

ಬೆಟ್ಟಕ್ಕೆ ಮುಂಚೆ ಎರಡು ಭಾನುವಾರ ಕೆಂಚಮ್ಮ ಬಸ್ಸು ಹತ್ತಿ ತುಮಕೂರಿನ ಪಾರ್ಕಿಗೆ ಬರುತ್ತಿದ್ದಳು. ಬೆಟ್ಟ ಹತ್ತುವುದು ಬೆಟ್ಟದ ಬುಡದಲ್ಲಿ ಶುರುವಾಗುವುದಿಲ್ಲ, ಮನೆಯಲ್ಲೇ ಶುರುವಾಗುತ್ತದೆ ಎಂದು ಅವಳ ವಾದ. ಮೊದಲನೆಯ ಭಾನುವಾರ ಇಂದುಮತಿ ನಮ್ಮನ್ನು ಡಬ್ಬಿ ಸಮೇತ ತೆಗೆದುಕೊಂಡು ಹೋಗಿದ್ದರು. ಹದಿಮೂರು ಜನ ಕಲ್ಲುಬೆಂಚುಗಳ ಮೇಲೆ ಕೂತಿದ್ದರು. ಕೆಂಚಮ್ಮ ನಿಂತುಕೊಂಡೇ ಹೇಳಿದಳು.

"ಎರಡು ಜೊತೆ ಸಾಕ್ಸು ತನ್ನಿ. ಬೆಳಗ್ಗೆ ಹುಲ್ಲೆಲ್ಲ ಇಬ್ಬನಿ, ಒಂದು ಜೊತೆ ನೆಂದೇ ನೆನೀತದೆ. ಕಿವಿ ಮುಚ್ಚೋ ಟೋಪಿ ಇರಲಿ, ಇಲ್ಲದಿದ್ರೆ ಟವಲ್ಲು. ನೀರು ಎರಡು ಬಾಟ್ಲಿ. ಚಳಿ ಅಂತ ನೀರು ಕುಡೀದಂಗೆ ಇರಬ್ಯಾಡಿ, ಬಿಸಿಲಿಗಿಂತ ಚಳೀಲೇ ಜನ ಸುಸ್ತಾಗಿ ಕೂತ್ಕಳೋದು. ಕಾಲುಗುರು ಕತ್ತರಿಸ್ಕಂಡ್ ಬನ್ನಿ. ಇಳಿಯೋವಾಗ ಶೂಗೆ ಬಡಿದು ಉಗುರು ಕಪ್ಪಾಗ್ತದೆ. ಹುರಿಹಿಟ್ಟು, ಬೆಲ್ಲ, ಮಧ್ಯಾಹ್ನದ ಊಟ ನಮ್ಮ ಸಂಘದ್ದು."

ನಿವೃತ್ತ ಇಂಜಿನಿಯರೊಬ್ಬರು, "ಉಗುರಿನವರೆಗೂ ವಿಚಾರಿಸ್ತೀಯಲ್ಲಮ್ಮ, ಬೆಟ್ಟಕ್ಕೆ ಕರ್ಕೊಂಡು ಹೋಗ್ತೀಯೋ ಮಿಲಿಟರಿಗೆ ಸೇರಿಸ್ತೀಯೋ?" ಅಂದರು. ಎಲ್ಲರೂ ನಕ್ಕರು, ಕೆಂಚಮ್ಮನೂ ನಕ್ಕಳು. ಆಮೇಲೆ ಕೊರಳಿನ ಚೀಟಿಯನ್ನು ಹಿಡಿದು ತೋರಿಸಿದಳು.

"ಯಾರಿಗಾದ್ರೂ ಒಂದು ಏಟಾದ್ರೂ ಇದನ್ನ ಕಿತ್ಕಂತಾರೆ ಸಾರ್. ಹತ್ತು ಹೆಂಗಸ್ರು ಇದನ್ನೇ ನಂಬ್ಕಂಡವ್ರೆ. ಅದಕ್ಕೇ ಇಷ್ಟು ಬಾಯಿ ಬಡ್ಕಳೋದು. ಇನ್ನೊಂದು ಮಾತು. ಶೂ ಹಳೇದೋ ಹೊಸಾದೋ ನಂಗೆ ಬ್ಯಾಡ. ದಿನಾ ಹಾಕ್ಕಂಡು ನಡೀರಿ. ಮುಂದಿನ ಭಾನುವಾರ ಬಂದು ನೋಡ್ತೀನಿ. ಕಾಲಿಗೆ ಹೊಂದದೆ ಇರೋ ಶೂ ಬೆಟ್ಟಕ್ಕೆ ಬರಂಗಿಲ್ಲ, ಅದರ ಯಜಮಾನ್ರೂ ಬರಂಗಿಲ್ಲ."

ಇಂದುಮತಿ ತಲೆಯಾಡಿಸಿದರು. ಮನೆಗೆ ಬಂದವರೇ ಬೆಟ್ಟಕ್ಕೆ ಏನೇನು ಬೇಕೋ ಎಲ್ಲ ಜೋಡಿಸತೊಡಗಿದರು. ಅಷ್ಟು ಸಂಭ್ರಮದ ಮನುಷ್ಯರನ್ನು ನಾನು ಅದುವರೆಗೆ ನೋಡಿರಲಿಲ್ಲ. ಬ್ಯಾಗು, ಎರಡು ಬಾಟ್ಲಿ, ನೀಲಿ ಉಲ್ಲನ್ ಟೋಪಿ, ಚಕ್ಕುಲಿ, ನೋವಿನ ಮುಲಾಮು ಎಲ್ಲ ಚಾಪೆಯ ಮೇಲೆ ಸಾಲಾಗಿ ಕೂತವು. ದಿನಾ ಸಂಜೆ ಕೋರ್ಟಿನಿಂದ ಬಂದು ಅವನ್ನೆಲ್ಲ ಬ್ಯಾಗಿಗೆ ತುಂಬಿ, ಹೆಗಲಿಗೆ ಹಾಕಿ ತೂಕ ನೋಡಿ, ಮತ್ತೆ ತೆಗೆದು ಜೋಡಿಸುತ್ತಿದ್ದರು. ಉಗುರು ಎರಡು ಸಲ ಕತ್ತರಿಸಿಕೊಂಡರು. ಹೇಳಿದ್ದರಲ್ಲಿ ಒಂದನ್ನೂ ಬಿಡಲಿಲ್ಲ, ನನ್ನೊಬ್ಬನನ್ನು ಬಿಟ್ಟು.

ನನ್ನನ್ನು ಬೀದಿಗೆ ಇಳಿಸಲು ಅವರಿಗೆ ಮನಸ್ಸು ಬರಲಿಲ್ಲ. ಅಣ್ಣ ಏಳು ವರ್ಷ ಜೋಪಾನ ಮಾಡಿದ್ದು. ಮೋರಿ ಪಕ್ಕದ ಕೆಸರು, ದನದ ಸಗಣಿ, ಪಾರ್ಕಿನ ಧೂಳು. ಬೆಟ್ಟಕ್ಕಾದರೂ ಹೊಸದಾಗಿ ಹೋಗಲಿ ಎಂದುಕೊಂಡರು. ಬುಧವಾರ ಒಂದೇ ಒಂದು ದಿನ, ಹಾಲಿನಲ್ಲಿ ಚಾಪೆ ಹಾಸಿ ಅದರ ಮೇಲೆ ಹತ್ತು ನಿಮಿಷ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ನಡೆದರು. ಮತ್ತೆ ಕಾಗದ, ಮತ್ತೆ ಡಬ್ಬಿ. ಬೆಳಗಿನ ವಾಕಿಂಗಿಗೆ ಹಳೆಯ ಚಪ್ಪಲಿಯೇ ಹೋಗುತ್ತಿತ್ತು, ಅದೂ ಆ ವಾರ ಗುಂಪು ಸೇರುವ ಮುಂಚೆ ಒಬ್ಬರೇ.

ಶನಿವಾರ ಸಂಜೆ ಅವರಿಗೆ ಭಯ ಶುರುವಾಯಿತು. ಮರುದಿನ ಕೆಂಚಮ್ಮ ನೋಡಲು ಬರುತ್ತಾಳೆ. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಮ್ಮನ್ನು ತಂದರು. ಕುಂಡದಿಂದ ಒಂದು ಹಿಡಿ ಕೆಮ್ಮಣ್ಣು ತೆಗೆದು ಕಲ್ಲಿನ ಮೇಲೆ ಹಾಕಿ, ನೀರು ಚಿಮುಕಿಸಿ, ನನ್ನ ತಳವನ್ನು ಗಸಗಸ ಉಜ್ಜಿದರು. ಲೇಸನ್ನು ಮುದ್ದೆ ಮಾಡಿ ಹಿಂಡಿದರು. ನಡೆದೂ ನಡೆದೂ ಸವೆದ ಹಾಗೆ ಕಾಣಬೇಕಲ್ಲ. ಕೋರ್ಟಿನಲ್ಲಿ ಅಷ್ಟು ವರ್ಷ ಕೂತ ಹೆಂಗಸು ಸಾಕ್ಷಿ ತಯಾರಿಸುತ್ತಾ ಕೂತಿದ್ದರು. ಅವರ ಕಿವಿ ಕೆಂಪಾಗಿದ್ದುದು ನನಗೆ ಕೆಳಗಿನಿಂದ ಕಾಣುತ್ತಿತ್ತು.

ಉಜ್ಜುವಾಗ ನನ್ನ ಹಿಮ್ಮಡಿಯಿಂದ ಸಣ್ಣ ರವೆಯಂತೆ ಏನೋ ಉದುರಿತು. ಕೆಮ್ಮಣ್ಣಿನ ಜೊತೆ ಸೇರಿಹೋದದ್ದರಿಂದ ಅವರು ಗಮನಿಸಲಿಲ್ಲ. ನನ್ನ ತಳ ಹೋಗಿದೆ, ಇದು ಬೆಟ್ಟ ತಡೆಯುವುದಿಲ್ಲ ಎಂದು ನನಗೆ ಆ ಕ್ಷಣವೇ ತಿಳಿಯಿತು. ಅಲ್ಲೇ ಬಾಯಿ ಬಿಟ್ಟುಕೊಂಡಿದ್ದರೆ, ಆ ಕಲ್ಲಿನ ಮೇಲೇ ಸೀಳಿಹೋಗಿದ್ದರೆ, ಎಷ್ಟು ಚೆನ್ನಾಗಿತ್ತು. ನಾನು ಬಿಗಿಹಿಡಿದುಕೊಂಡೆ. ಬಲಗಾಲಿನವನು, "ಒಂದೇ ಒಂದು ಸಲ ಬೆಟ್ಟ ನೋಡೋಣ ಕಣೋ" ಅಂದ. ಅವನನ್ನು ದೂರುವುದಿಲ್ಲ. ನನಗೂ ಅದೇ ಬೇಕಾಗಿತ್ತು.

ಭಾನುವಾರ ಕೆಂಚಮ್ಮ ಹುಲ್ಲಿನ ಮೇಲೆ ಕೂತು ಒಬ್ಬೊಬ್ಬರ ಶೂ ತೆಗೆಸಿ ನೋಡಿದಳು. ಮೊದಲು ಬಗ್ಗಿಸುತ್ತಿದ್ದಳು. ಆಮೇಲೆ ಒಳಗೆ ಕೈ ಹಾಕಿ ತಡವುತ್ತಿದ್ದಳು. ಸರಿ ಅನ್ನಿಸಿದರೆ, ಒಂದು ಕಡ್ಡಿಯನ್ನು ಬಿಳಿ ಪೇಂಟಿನಲ್ಲಿ ಅದ್ದಿ ತಳದ ಗುಳಿಯಲ್ಲಿ, ನೆಲಕ್ಕೆ ತಾಗದ ಜಾಗದಲ್ಲಿ, ಒಂದು ಬೊಟ್ಟು ಇಡುತ್ತಿದ್ದಳು. ಬೊಟ್ಟಿದ್ದ ಶೂ ಮಾತ್ರ ಬೆಟ್ಟಕ್ಕೆ. ಇಂಜಿನಿಯರರ ಶೂವಿನ ತಳ ನುಣ್ಣಗಾಗಿತ್ತು. "ಬ್ಯಾಡ ಸಾರ್, ಮುಂದಿನ ತಿಂಗಳು ಬೇರೆ ಶೂನಾಗೆ ಬನ್ನಿ" ಅಂದುಬಿಟ್ಟಳು. ಅವರು ಎಷ್ಟು ತಮಾಷೆ ಮಾಡಿದರೂ ಜಗ್ಗಲಿಲ್ಲ. ಹದಿಮೂರು ಜನ ಹನ್ನೆರಡಾದರು. ಪಾರ್ಕಿನ ಗೇಟಿನ ಹತ್ತಿರ ನಮ್ಮನ್ನು ಹಾಕಿಕೊಂಡು ಬಂದಿದ್ದ ಇಂದುಮತಿಯ ಪಾದ ನನ್ನೊಳಗೆ ಬಿಗಿಯಾಯಿತು.

ನಮ್ಮ ಸರದಿ ಬಂತು. ಕೆಂಚಮ್ಮ ನನ್ನನ್ನು ಬಗ್ಗಿಸಿದಳು. ಪಕ್ಕದಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತು, ಕೈ ಸಡಿಲಿಸಿದ ತಕ್ಷಣ ಮುಚ್ಚಿಕೊಂಡಿತು. ಆಮೇಲೆ ಒಳಗೆ ಕೈ ಹಾಕಿದಳು. ಅವಳ ಬೆರಳು ನನ್ನ ಮುಂಭಾಗದ ತನಕ ಬಂದು, ಅಲ್ಲಿ ಏನನ್ನೋ ಹುಡುಕಿ, ಸ್ವಲ್ಪ ಹೊತ್ತು ನಿಂತಿತು.

"ಅಕ್ಕಾವ್ರೆ, ಇದನ್ನ ದಿನಾ ಹಾಕ್ಕಂಡ್ರಾ?"

"ದಿನಾ ಹಾಕ್ಕೊಂಡೇ ನಡೆದಿದೀನಮ್ಮ. ನೋಡು ಬೇಕಾದ್ರೆ, ತಳ ಎಲ್ಲ ಸವೆದಿದೆ."

"ಎಡಗಾಲಿಂದು ಯಾಕೋ ಒಣಗ್ದಂಗದೆ."

"ಒಳ್ಳೇ ಕಂಪನೀದು ಕೆಂಚಮ್ಮ, ಏನೂ ಆಗಲ್ಲ. ನನ್ನ ಜೀವಮಾನದಲ್ಲಿ ಇದೊಂದು ಬೆಟ್ಟ ಹತ್ತಬೇಕು ಅಂತ ಇದೀನಿ."

ಕೆಂಚಮ್ಮ ತಲೆಯೆತ್ತಿ ಅವರ ಮುಖ ನೋಡಿದಳು. ಉಳಿದ ಹನ್ನೊಂದು ಜನ ಸುತ್ತ ನಿಂತು ನೋಡುತ್ತಿದ್ದರು. "ಆಯ್ತು ಅಕ್ಕಾವ್ರೆ. ನೀವು ಹೇಳ್ತಿದೀರಲ್ಲ, ನಂಬ್ತೀನಿ" ಅಂದು ಕಡ್ಡಿಯನ್ನು ಅದ್ದಿ ನನ್ನ ತಳದಲ್ಲಿ ಬೊಟ್ಟಿಟ್ಟಳು. ಪೇಂಟು ತಣ್ಣಗಿತ್ತು. ನನಗೆ ಬದುಕಿಕೊಂಡೆ ಅನ್ನಿಸಿತು. ಈಗ ಅದನ್ನು ನೆನೆದರೆ ಮೈಯೆಲ್ಲ ಹಿಂಡಿದ ಹಾಗಾಗುತ್ತದೆ.

ಮುಂದಿನ ಭಾನುವಾರ ಬೆಳಕು ಹರಿಯುವ ಹೊತ್ತಿಗೆ ವ್ಯಾನು ಕಲ್ಲಹಟ್ಟಿ ಮುಟ್ಟಿತು. ಹೊಲಗಳ ಮೇಲೆ ಮಂಜು ಕೂತಿತ್ತು, ಸೊಗಡಿನ ಅವರೆಯ ವಾಸನೆ ತುಂಬಿತ್ತು. ಸಂಘದ ಹೆಂಗಸರು ಬಿಸಿ ಅಂಬಲಿ ಕೊಟ್ಟರು. ಕೆಂಚಮ್ಮ ಮತ್ತೊಮ್ಮೆ ಎಲ್ಲರ ನೀರು, ಟೋಪಿ, ಸಾಕ್ಸು ವಿಚಾರಿಸಿ, ಬಗ್ಗಿ ಒಬ್ಬೊಬ್ಬರ ಲೇಸು ನೋಡಿದಳು. "ಹತ್ತೋವಾಗ ಸಡಿಲ, ಇಳಿಯೋವಾಗ ಬಿಗಿ. ಬೆಟ್ಟದ ತುದಿ ಮುಟ್ಟಿದ ಮ್ಯಾಲೆ ನಾನೇ ಹೇಳ್ತೀನಿ, ಆವಾಗ ಎಲ್ರೂ ಬಿಗಿದು ಕಟ್ಕಬೇಕು" ಅಂದಳು. ನನ್ನ ಲೇಸನ್ನು ಅವಳೇ ಕಟ್ಟಿದಳು.

ಬೆಟ್ಟ ಚೆನ್ನಾಗಿತ್ತು. ಅದನ್ನು ಹೇಳದಿದ್ದರೆ ಅದೂ ಸುಳ್ಳಾಗುತ್ತದೆ. ಬಂಡೆಯ ಒರಟು, ಒದ್ದೆ ಹುಲ್ಲು, ಜಿಂಕೆಯ ಹಿಕ್ಕೆ, ಮೊದಲ ಬಿಸಿಲು, ಎಲ್ಲವನ್ನೂ ನಾನು ನಾಲ್ಕು ಗಂಟೆಯಲ್ಲಿ ಮುಟ್ಟಿದೆ. ತುದಿಯಲ್ಲಿ ಒರಳಿನ ಆಕಾರದ ಗುಂಡಿಯಿದ್ದ ಕಲ್ಲಿನ ಮೇಲೆ ಇಂದುಮತಿ ಕೂತು, ಯಾರಿಗೂ ಕಾಣದ ಹಾಗೆ ಕಣ್ಣೊರೆಸಿಕೊಂಡರು. "ಮೇಲೆ ಬಂದ್ಬಿಟ್ಟೆ" ಎಂದು ತಮಗೆ ತಾವೇ ಹೇಳಿಕೊಂಡರು. ಅಷ್ಟರಲ್ಲಾಗಲೇ ನನ್ನ ಹಿಮ್ಮಡಿ ಅರ್ಧ ಬಿಟ್ಟುಕೊಂಡಿತ್ತು. ಒದ್ದೆ ಹುಲ್ಲು ಅಂಟಿಕೊಂಡು ಮುಚ್ಚಿದ್ದರಿಂದ ಯಾರ ಕಣ್ಣಿಗೂ ಬೀಳಲಿಲ್ಲ.

ಇಳಿಯುವಾಗ ಒಂದು ಇಳಿಜಾರು ಬಂಡೆ ಸಿಗುತ್ತದೆ, ಮೂವತ್ತು ಹೆಜ್ಜೆಯಷ್ಟು. ಅಲ್ಲಿ ಕೆಂಚಮ್ಮ ಕೆಳಗೆ ನಿಂತು ಒಬ್ಬೊಬ್ಬರನ್ನೇ ಇಳಿಸಿಕೊಳ್ಳುತ್ತಿದ್ದಳು. ಏಳನೆಯವರು ಇಂದುಮತಿ. ಅರ್ಧ ಬಂಡೆ ಇಳಿದಿದ್ದರು. ಎಡಗಾಲು ಊರಿದರು. ನನ್ನ ತಳ ಹಿಮ್ಮಡಿಯಿಂದ ಬೆರಳಿನವರೆಗೆ ಕಿತ್ತು ಮಡಚಿಕೊಂಡಿತು. ಅವರು ಕೂಗಿಕೊಳ್ಳಲೂ ಹೊತ್ತಿರಲಿಲ್ಲ, ಜಾರಿದರು. ಪಕ್ಕದಲ್ಲಿ ಬಂಡೆ ಮುಗಿದು ಕೆಳಗೆ ಆಳವಿತ್ತು. ಕೆಂಚಮ್ಮ ಪಕ್ಕಕ್ಕೆ ಸರಿಯಬಹುದಾಗಿತ್ತು. ಸರಿಯಲಿಲ್ಲ. ಎರಡು ಹೆಜ್ಜೆ ಮೇಲೆ ಹತ್ತಿ ಅಡ್ಡ ನಿಂತು, ಅವರ ಪೂರ್ತಿ ಭಾರವನ್ನು ಮೈಮೇಲೆ ತೆಗೆದುಕೊಂಡು, ಬಲಮೊಣಕೈ ಮೇಲೆ ಬಂಡೆಗೆ ಬಿದ್ದಳು. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು.

ಇಂದುಮತಿಗೆ ಮಂಡಿ ತರಚಿತ್ತು, ಅಷ್ಟೇ. ಕೆಂಚಮ್ಮ ಟವಲಿನಲ್ಲಿ ಕೈಯನ್ನು ಕೊರಳಿಗೆ ಕಟ್ಟಿಸಿಕೊಂಡು, ತುಟಿ ಕಚ್ಚಿಕೊಂಡು, ಉಳಿದ ಐದು ಜನರನ್ನೂ ಬಂಡೆ ಇಳಿಸಿದಳು. ನನ್ನ ತಳವನ್ನು ಹಗ್ಗದಲ್ಲಿ ಹೇಗೆ ಬಿಗಿಯಬೇಕೆಂದು ಹೇಳಿಕೊಟ್ಟದ್ದೂ ಅವಳೇ. ಬುಡ ಮುಟ್ಟಿದ ಮೇಲೆ ತಲೆ ಎಣಿಸಿ, "ಹನ್ನೆರಡು. ಸರಿ ಅದೆ" ಎಂದು ಹೇಳಿದ ನಂತರವೇ ಕೂತಳು.

ಎಂಟು ದಿನದ ಮೇಲೆ ರೇಂಜರ್ ಸಾಹೇಬರು ವಿಚಾರಣೆಗೆ ಕಲ್ಲಹಟ್ಟಿಗೆ ಬಂದರು. ಶೂ ತರಬೇಕೆಂದು ಇಂದುಮತಿಗೂ ಹೇಳಿಕಳಿಸಿದ್ದರು. ಬೆಟ್ಟದ ಬುಡದಲ್ಲಿ ಸಂಘದ ಗುಡಿಸಲು, ಅದರಲ್ಲಿ ಒಂದು ಮೇಜು, ಮೇಜಿನ ಮೇಲೆ ನಾನು. ಸಾಹೇಬರು ನನ್ನನ್ನು ಮಗುಚಿ ನೋಡಿದರು. ತಳ ಜೋತಾಡುತ್ತಿತ್ತು, ಗುಳಿಯಲ್ಲಿ ಬಿಳಿ ಬೊಟ್ಟು ಹಾಗೇ ಇತ್ತು.

"ಇದು ನಿನ್ನ ಗುರುತೇನಮ್ಮ?"

"ಹೂಂ ಸಾರ್. ನಂದೇ." ಕೆಂಚಮ್ಮನ ಕೈಗೆ ದಪ್ಪ ಪಟ್ಟಿ ಹಾಕಿತ್ತು.

"ನೋಡಿ ಇಟ್ಯೋ, ನೋಡದೇ ಇಟ್ಯೋ?"

"ನೋಡೇ ಇಟ್ಟಿದ್ದು."

"ಇಂಥ ಶೂ ನೋಡಿಯೂ ಬಿಟ್ಟೆ ಅಂದ್ರೆ ನಾನು ಏನು ಬರೀಲಿ?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಜಾರಿತ್ತು. ಇಂದುಮತಿಯ ಕಡೆ ತಿರುಗಿ, "ಮೇಡಂ, ನೀವೇನಾದ್ರೂ ಹೇಳೋದಿದೆಯಾ?" ಎಂದು ಕೇಳಿದರು.

ನಾನು ಕಾದೆ. ಹೇಳಿ ಅಮ್ಮಾ, ಎಂದು ಒಳಗೇ ಬೇಡಿಕೊಂಡೆ. ಕೆಮ್ಮಣ್ಣು ಹಾಕಿ ಉಜ್ಜಿದ್ದನ್ನು ಹೇಳಿ. ಮೇಜಿನಾಚೆ ನಿಂತಿದ್ದ ಅವರ ಕಾಲ್ಬೆರಳುಗಳು ಚಪ್ಪಲಿಯ ಮೇಲೆ ಮುದುಡಿಕೊಂಡವು.

"ಇಲ್ಲ ಸಾರ್" ಅಂದರು.

ಕೆಂಚಮ್ಮ ಅವರ ಕಡೆ ನೋಡಲೂ ಇಲ್ಲ. ಕೊರಳಿನ ಚೀಟಿಯನ್ನು ಎಡಗೈಯಲ್ಲಿ ಬಿಚ್ಚಲು ಹೋದಳು, ದಾರ ಜಡೆಗೆ ಸಿಕ್ಕಿಕೊಂಡಿತು. ಸಂಘದ ಒಬ್ಬ ಹೆಂಗಸು ಬಂದು ಬಿಡಿಸಿಕೊಟ್ಟಳು. ಆ ಚಳಿಗಾಲದ ಬೆಟ್ಟ ಅಲ್ಲಿಗೆ ನಿಂತಿತು.

ಪದ್ಮರಾಜು ಮೇಷ್ಟ್ರು ನನ್ನನ್ನು ನೋಡಿ, "ನಾನು ಹೊಸದೇ ಕೊಟ್ಟಿದ್ದೆನಲ್ಲ" ಎಂದು ಪೇಚಾಡಿ, ಎಸೆಯಲು ಹೇಳಿದರು. ಇಂದುಮತಿ ಎಸೆಯಲಿಲ್ಲ. ಅಟ್ಟದ ಮೇಲೆ ಇಡಲೂ ಇಲ್ಲ. ಮಲಗುವ ಕೋಣೆಯ ಬಾಗಿಲ ಪಕ್ಕದಲ್ಲಿ, ದಿನಾ ಕಣ್ಣಿಗೆ ಬೀಳುವ ಕಡೆ ಇಟ್ಟರು. ಹತ್ತು ತಿಂಗಳು ನಾವು ಹಾಗೇ ಮುಖಾಮುಖಿಯಾಗಿದ್ದೆವು. ವಾಕಿಂಗಿಗೆ ಹೋಗುವುದನ್ನು ಬಿಟ್ಟಿದ್ದರು. ಕೆಲವು ದಿನ ಬೆಳಗ್ಗೆ ಸೀರೆಯ ನೆರಿಗೆ ಹಿಡಿದುಕೊಂಡೇ ನನ್ನನ್ನು ನೋಡುತ್ತಾ ನಿಂತುಬಿಡುತ್ತಿದ್ದರು, ಕೋರ್ಟಿಗೆ ಹೊತ್ತಾಗುತ್ತಿತ್ತು.

ಮುಂದಿನ ಕಾರ್ತಿಕದಲ್ಲಿ ಗುಂಪಿನವರು ಅವರನ್ನು ಮಾತಾಡಿಸಿಕೊಂಡು ಹೋಗಲು ಮನೆಗೆ ಬಂದರು. ಈ ಸಲ ಬೇರೆ ಬೆಟ್ಟವಂತೆ, ಬೇರೆ ಗೈಡಂತೆ. ಚುರುಮುರಿ ತಿನ್ನುತ್ತಾ ಯಾರೋ, "ಆ ಹಳ್ಳಿ ಹೆಂಗಸು ಬರೀ ಬಾಯಿ ಮಾತು ಬಿಡಿ. ಉಗುರೆಲ್ಲ ವಿಚಾರಿಸಿದ್ಲು, ಶೂ ಸರಿಯಾಗಿ ನೋಡಲಿಲ್ಲ" ಅಂದರು. ಹೌದು ಹೌದು ಅಂದರು ಉಳಿದವರು. ಇಂದುಮತಿ ಎದ್ದು ಕೋಣೆಗೆ ಬಂದು, ನನ್ನನ್ನು ಎತ್ತಿಕೊಂಡು ಹೋಗಿ, ಚುರುಮುರಿ ತಟ್ಟೆಯ ಪಕ್ಕದಲ್ಲೇ ಇಟ್ಟರು.

"ಅವಳು ನೋಡಿದ್ಲು. ಕೇಳಿದ್ಲು. ಸುಳ್ಳು ಹೇಳಿದ್ದು ನಾನು. ನಾನಿದನ್ನ ಒಂದು ದಿನಾನೂ ಬೀದಿಗೆ ಹಾಕ್ಕೊಂಡಿರಲಿಲ್ಲ."

ಮರುದಿನ ಅವರು ಕೋರ್ಟಿಗೆ ರಜೆ ಹಾಕಿ, ತಮ್ಮದೇ ಹೇಳಿಕೆಯನ್ನು ತಾವೇ ಟೈಪು ಮಾಡಿ ಸಹಿ ಹಾಕಿ, ನಮ್ಮಿಬ್ಬರನ್ನು ಕೈಚೀಲದಲ್ಲಿ ಹಾಕಿಕೊಂಡು ಕಲ್ಲಹಟ್ಟಿಯ ಬಸ್ಸು ಹತ್ತಿದರು.

ಕೆಂಚಮ್ಮ ಮನೆಯ ಮುಂದೆ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. "ಬನ್ನಿ ಅಕ್ಕಾವ್ರೆ" ಎಂದು ಚಾಪೆ ಹಾಸಲು ಎದ್ದಳು. ಆಗ ಕಂಡಿತು. ಅವಳ ಬಲಗೈ ಮೊಣಕೈ ಹತ್ತಿರ ಸೊಟ್ಟಗಾಗಿತ್ತು, ಎದೆಯ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ.

"ಇದೇನು ಕೆಂಚಮ್ಮ ಇದು?"

"ಆರು ವಾರ ಆಡಿಸಬ್ಯಾಡ ಅಂದಿದ್ರು. ಬೆಟ್ಟ ನಿಂತೋಯ್ತಲ್ಲ, ಹುಣಸೆಹಣ್ಣು ಬಡಿಯೋ ಕೆಲಸಕ್ಕೆ ಹೋದೆ. ಮೂರೇ ವಾರಕ್ಕೆ ಪಟ್ಟಿ ಬಿಚ್ಕಂಡೆ. ಹಿಂಗೇ ಕೂಡ್ಕಂತು."

ಇಂದುಮತಿ ಚಾಪೆಗೆ ಕಾಯದೆ ನೆಲದ ಮೇಲೇ ಕೂತರು. ಚೀಲದಿಂದ ನಮ್ಮನ್ನು ತೆಗೆದು ಮುಂದಿಟ್ಟು, ಕಲ್ಲಿನ ಮೇಲೆ ಉಜ್ಜಿದ್ದು, ಲೇಸು ಹಿಂಡಿದ್ದು, ಸಾಹೇಬರ ಮುಂದೆ ಬಾಯಿ ಬಿಡದಿದ್ದು ಎಲ್ಲ ಹೇಳಿದರು. ಹೇಳುತ್ತಾ ಅತ್ತರು. ಕೆಂಚಮ್ಮ ಕಾಯಿ ಸುಲಿಯುವುದನ್ನು ನಿಲ್ಲಿಸಿ ಕೇಳಿದಳು.

"ನಂಗೆ ಅವತ್ತೇ ಗೊತ್ತಿತ್ತು ಅಕ್ಕಾವ್ರೆ" ಅಂದಳು. "ದಿನಾ ಹಾಕೋ ಶೂನಾಗೆ ಹೆಬ್ಬೆಟ್ಟು ಕೂತ ಕಡೆ ಒಂದು ಗುಳಿ ಬಿದ್ದಿರ್ತದೆ. ಕೈ ಹಾಕಿ ನೋಡ್ದೆ, ಇರಲಿಲ್ಲ. ನಿಮ್ಮ ಮುಖ ನೋಡ್ದೆ. ಅಷ್ಟು ಆಸೆ ಇಟ್ಕಂಡು ನಿಂತಿದ್ರಿ. ಹನ್ನೊಂದು ಜನದ ಮುಂದೆ ನಿಮ್ಮನ್ನ ಸುಳ್ಳುಗಾತಿ ಅನ್ನಕ್ಕೆ ಬಾಯಿ ಬರಲಿಲ್ಲ. ಗೊತ್ತಿದ್ದೂ ಬೊಟ್ಟಿಟ್ಟೆ. ಸಾಹೇಬ್ರ ಮುಂದೆ ಅದಕ್ಕೇ ಬಾಯಿ ಮುಚ್ಕಂಡಿದ್ದು. ತಪ್ಪು ನಂದೂ ಅದೆ."

"ನಿನ್ನದೇನಿಲ್ಲ" ಅಂದರು ಇಂದುಮತಿ.

"ಅದೆ. ಸಂಕೋಚ ಪಡೋರು ಬೆಟ್ಟ ಹತ್ತಿಸಬಾರದು."

ನನಗೆ ಅಲ್ಲಿಯವರೆಗೆ ಒಂದು ಸಣ್ಣ ಸಮಾಧಾನವಿತ್ತು, ಕೆಂಚಮ್ಮನನ್ನು ನಾನು ಮೋಸಮಾಡಿ ದಾಟಿಕೊಂಡೆ, ಅವಳಿಗೆ ತಿಳಿಯಲಿಲ್ಲ ಎಂದು. ಅದೂ ಹೋಯಿತು. ಅವಳು ನಮ್ಮನ್ನು ದಯೆಯಿಂದ ದಾಟಿಸಿದ್ದಳು.

ಇಬ್ಬರೂ ಸೇರಿ ರೇಂಜರ್ ಸಾಹೇಬರ ಹತ್ತಿರ ಹೋದರು. ಇಂದುಮತಿ ತಮ್ಮ ಹೇಳಿಕೆ ಕೊಟ್ಟರು, ಕೆಂಚಮ್ಮನೂ ತನ್ನದನ್ನು ಮುಚ್ಚಿಡದೆ ಹೇಳಿದಳು. ಸಾಹೇಬರು ಎರಡು ಸಲ ಓದಿ, ಸಂಘಕ್ಕೆ ಮತ್ತೆ ಅನುಮತಿ ಬರೆದುಕೊಟ್ಟರು. ಚೀಟಿ ವಾಪಸ್ಸು ಬಂತು. ಕೈ ಬರಲಿಲ್ಲ. ಜಾರುವವರನ್ನು ಹಿಡಿಯಲಾಗದ ಕೈ ಬಂಡೆಯ ಕೆಳಗೆ ನಿಂತು ಏನು ಪ್ರಯೋಜನ ಎಂದು ಕೆಂಚಮ್ಮ ಚೀಟಿಯನ್ನು ತನ್ನ ಓರಗಿತ್ತಿ ಸಿದ್ದಕ್ಕನ ಹೆಸರಿಗೆ ಮಾಡಿಸಿದಳು.

ಈಗ ಬೆಟ್ಟ ಹತ್ತಿಸುವುದು ಸಿದ್ದಕ್ಕ. ಕೆಂಚಮ್ಮ ಗುಡಿಸಲ ಬಾಗಿಲಲ್ಲಿ ಕೂತು ಶೂ ನೋಡುತ್ತಾಳೆ. ನಾನೂ ಬಲಗಾಲಿನವನೂ ಅವಳ ಪಕ್ಕದ ಮೂಲೆಯಲ್ಲಿರುತ್ತೇವೆ. ಅವಳೇ ಇಂದುಮತಿಯಿಂದ ನಮ್ಮನ್ನು ಕೇಳಿ ಇಟ್ಟುಕೊಂಡಳು. ಯಾರ ಮುಖವನ್ನೂ ನೋಡದೆ ಮೊದಲು ಶೂವಿನೊಳಗೆ ಕೈ ಹಾಕುತ್ತಾಳೆ. ಎಷ್ಟೋ ಜನರನ್ನು ವಾಪಸ್ಸು ಕಳಿಸಿದ್ದಾಳೆ. ಕೆಲವರು ಬೈದುಕೊಂಡೂ ಹೋಗಿದ್ದಾರೆ. ಇಂದುಮತಿಯವರು ಚಳಿಗಾಲದ ಭಾನುವಾರಗಳಲ್ಲಿ ಬಂದು ಅಂಬಲಿ ಹಂಚುತ್ತಾರೆ, ಬೆಟ್ಟ ಹತ್ತುವುದಿಲ್ಲ.

ನಾನು ಬಾಳಿದ್ದು ಏಳು ವರ್ಷ ಡಬ್ಬಿಯಲ್ಲಿ, ನಡೆದದ್ದು ಒಂದು ದಿನ. ಸವೆದಿದ್ದರೆ ಹೀಗಾಗುತ್ತಿರಲಿಲ್ಲ. ಉಜ್ಜುವ ಕಲ್ಲಿನ ಮೇಲೆ ಒಂದು ಕ್ಷಣ ಬಿಗಿಹಿಡಿಯದೆ ಬಿಟ್ಟುಕೊಟ್ಟಿದ್ದರೂ ಹೀಗಾಗುತ್ತಿರಲಿಲ್ಲ. ಇದನ್ನೆಲ್ಲ ಯೋಚಿಸಲು ನನಗೀಗ ಬೇಕಾದಷ್ಟು ಪುರುಸೊತ್ತಿದೆ.

ಪ್ರತಿ ಭಾನುವಾರ ಬಂದವರಿಗೆಲ್ಲ ಕೆಂಚಮ್ಮ ನನ್ನನ್ನು ಎತ್ತಿ ತೋರಿಸುತ್ತಾಳೆ. ಜೋತಾಡುವ ತಳವನ್ನು ಬಿಡಿಸಿ, ಪುಡಿಯಾದ ಪದರವನ್ನು ಮುಟ್ಟಿಸಿ, ಮುಚ್ಚಿಟ್ಟ ಶೂ ಹೇಗೆ ಹಾಳಾಗುತ್ತದೆ ಎಂದು ಹೇಳಿಕೊಡುತ್ತಾಳೆ. ಹೋದ ವಾರ ಒಬ್ಬ ಹೆಂಗಸು ನನ್ನನ್ನು ಮುಟ್ಟಿ ನೋಡಿ, ಆಮೇಲೆ ಕೆಂಚಮ್ಮನ ಬಲಗೈ ಕಡೆ ನೋಡಿ, "ಕೈಗೇನಾಯ್ತಮ್ಮ?" ಎಂದು ಕೇಳಿದಳು.

"ಬಿದ್ದಿದ್ದೆ" ಅಂದಳು ಕೆಂಚಮ್ಮ. ನನ್ನನ್ನು ಎಡಗೈಯಲ್ಲಿ ಹಿಡಿದುಕೊಂಡೇ ಹಾಗೆ ಅಂದಳು.